ನಿಂತಾಗಲಷ್ಟೇ ನನ್ನ ಡ್ಯೂಟಿ

ನಾಟಾ ಲಾರಿ ಡ್ರೈವರನ ಒಂದು ವಾರ ಹೇಗಿರುತ್ತದೆ ಎಂದು ಬರೆಯಬೇಕಾದರೆ ಡ್ರೈವರನ್ನೇ ಕೇಳಬೇಕು, ಸರಿ. ಆದರೆ ಓಡಿಸುವಾಗ ಅವನನ್ನು ಮಾತಿಗೆಳೆಯುವುದು ಅಪಾಯ, ನಿಲ್ಲಿಸಿದಾಗ ಎಬ್ಬಿಸುವುದು ಪಾಪ. ಮಾಲೀಕರ ಫೋನು ಸದಾ ಬ್ಯುಸಿ. ಹಾಗಾಗಿ ದಕ್ಷಿಣ ಕೊಡಗಿನಿಂದ ಸಿಲ್ವರ್ ಮರ ಹೇರಿಕೊಂಡು ಬಂದು, ಕೇರಳದ ಪೆರುಂಬಾವೂರಿನಲ್ಲಿ ಪ್ಲೈವುಡ್ ಕಾರ್ಖಾನೆಯೊಂದರ ಗೇಟಿನಾಚೆ ಸಾಲುಗಟ್ಟಿದ್ದ ಹತ್ತು ಚಕ್ರದ ಲಾರಿಗಳಲ್ಲಿ ಒಂದರ ಕೆಳಗೆ ಬಗ್ಗಿ ನೋಡಿದೆ. ಅಲ್ಲಿತ್ತು, ಚಕ್ರ ಉರುಳದ ಹಾಗೆ ಅಡ್ಡ ಕೊಡುವ ಮರದ ತುಂಡು. ಒಂದು ಮುಖ ಓರೆ, ಅದರ ತುಂಬ ಟೈರಿನ ಕರಿ. ಗ್ರೀಸು, ಡೀಸೆಲ್, ಕೆಂಪು ಮಣ್ಣು ಕುಡಿದೂ ಕುಡಿದೂ ಮರವೋ ಕಬ್ಬಿಣವೋ ಹೇಳಲಾಗದ ಬಣ್ಣ. ನೆತ್ತಿಗೆ ಹೊಡೆದ ಮೊಳೆಯಲ್ಲಿ ಎಳೆದು ತೆಗೆಯಲು ನೈಲಾನ್ ಹಗ್ಗದ ಕುಣಿಕೆ. ಮಾತಿಗೆ ಸಿದ್ಧವಾಗಿಯೇ ಇತ್ತು. ಬೇರೆ ಕೆಲಸವೂ ಇರಲಿಲ್ಲವೆನ್ನಿ, ಇದ್ದ ಕೆಲಸವನ್ನೇ ಮಾಡುತ್ತಿತ್ತು.

ಪ್ರಶ್ನೆ: ನಮಸ್ಕಾರ. ತಮ್ಮ ಪರಿಚಯ?

ತುಂಡು: ಕೂತ್ಕೊಳ್ಳಿ ಸ್ವಾಮಿ, ಅವಸರ ಏನಿಲ್ಲ. ನಮ್ಮ ಮುಂದೆ ಇನ್ನೂ ಲಾರಿಗಳಿದಾವೆ. ನಾನು ಮತ್ತಿ ಮರ, ತಿತಿಮತಿ ಕಡೆಯವನು. ಹುಟ್ಟಿದಾಗ ಆಕಾಶದ ಎತ್ತರ, ಈಗ ಒಂದೂವರೆ ಅಡಿ. ಅಳತೆ ಕಮ್ಮಿ ಆದ್ರೂ ಹುದ್ದೆ ದೊಡ್ಡದು. ಡ್ರೈವರ್ ಓಡಿಸ್ತಾನೆ, ನಾನು ನಿಲ್ಲಿಸ್ತೀನಿ. ನಮ್ಮ ದೇಶದಲ್ಲಿ ಓಡಿಸೋನು ದೊಡ್ಡೋನೋ ನಿಲ್ಲಿಸೋನು ದೊಡ್ಡೋನೋ, ನಿಮಗೇ ಗೊತ್ತಲ್ಲ.

ಪ್ರಶ್ನೆ: ವಾರದಲ್ಲಿ ನಿಮಗೆ ಎಷ್ಟು ಕೆಲಸ?

ತುಂಡು: ಡ್ರೈವರಣ್ಣನಿಗಿಂತ ಜಾಸ್ತಿ. ಗೋಣಿಕೊಪ್ಪದಿಂದ ಇಲ್ಲಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರು. ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ, ಕಲ್ಲಿಕೋಟೆ, ತ್ರಿಶೂರು. ಲೋಡು ಎಷ್ಟೇ ಇರಲಿ, ರಾತ್ರಿ ಹೊರಟರೆ ಮಾರನೇ ದಿನ ಹೊತ್ತು ಮುಳುಗೋದ್ರೊಳಗೆ ಬಂದು ಬೀಳಬಹುದು. ಹಾಗಾದ್ರೆ ವಾರದ ಉಳಿದ ದಿನ ಎಲ್ಲಿ ಹೋಗ್ತವೆ ಅಂತೀರಾ? ಎಲ್ಲಾ ನನ್ನ ಖಾತೆಗೆ. ಡ್ರೈವರ್ ಅಂದ್ರೆ ಸ್ಟಿಯರಿಂಗ್ ಹಿಡಿದು ಗಾಳಿಗೆ ಟವೆಲ್ ಹಾರಿಸ್ಕೊಂಡು ಹೋಗೋನು ಅಂತ ಜನ ತಿಳ್ಕೊಂಡಿದಾರೆ. ಸಿನಿಮಾದಲ್ಲಿ ಹಾಗೆ. ನಿಜವಾದ ಕೆಲಸ ಕಾಯೋದು. ಕಾಯೋದಕ್ಕೆ ಕೂಲಿ ಇಲ್ಲ, ಅದಕ್ಕೇ ಅದು ಕೆಲಸ ಅಂತ ಯಾರಿಗೂ ಕಾಣ್ಸಲ್ಲ.

ಪ್ರಶ್ನೆ: ಸೋಮವಾರದಿಂದ ಶುರು ಮಾಡೋಣ.

ತುಂಡು: ಸೋಮವಾರ ಎಸ್ಟೇಟು. ಟಾರು ಬಿಟ್ಟು ಒಳಗಿಳಿದ ಕೂಡ್ಲೇ ನನಗೆ ಬುಲಾವು. ಇಳಿಜಾರಲ್ಲಿ ಲಾರಿ ನಿಲ್ಲಿಸ್ಬೇಕು, ಯಾಕಂದ್ರೆ ಮರ ಕಡಿದಿರೋದು ಅಲ್ಲೇ. ಟ್ರಾಕ್ಟರಲ್ಲಿ ಎಳ್ಕೊಂಡು ಬಂದ ದಿಮ್ಮಿಗಳನ್ನ ಎರಡು ಉದ್ದ ಗಳ ಒರಗಿಸಿ, ಹಗ್ಗ ಹಾಕಿ, ಹಮಾಲರು ಒಂದೊಂದೇ ಮೇಲಕ್ಕೆ ಉರುಳಿಸ್ತಾರೆ. ಪ್ರತಿ ದಿಮ್ಮಿ ಬಿದ್ದಾಗಲೂ ಲಾರಿ ಒಂದ್ಸಲ ಕುಕ್ಕರಿಸಿ ನನ್ನ ಮೇಲೆ ಬರುತ್ತೆ. ಬೆಳಿಗ್ಗೆ ಎಂಟಕ್ಕೆ ಅಂದಿರ್ತಾರೆ. ಎಂಟಕ್ಕೆ ಹಮಾಲರಿಲ್ಲ, ಹತ್ತಕ್ಕೆ ಹಮಾಲರಿದಾರೆ ಟ್ರಾಕ್ಟರಿಗೆ ಡೀಸೆಲ್ ಇಲ್ಲ, ಹನ್ನೆರಡಕ್ಕೆ ಎರಡೂ ಇದಾವೆ, ರೈಟರ್ ಊಟಕ್ಕೆ ಹೋಗಿದಾರೆ. ಸಂಜೆ ಮಳೆ ಬಂದ್ರೆ ಲಾರಿ ಕೆಸರಲ್ಲಿ ಹೂತು, ಅದೇ ಟ್ರಾಕ್ಟರು ಲಾರೀನ ಎಳೀಬೇಕು.

ಮೇಲಿರೋನು ಯಾರು ಗೊತ್ತಾ? ಸಿಲ್ವರು. ಆಸ್ಟ್ರೇಲಿಯಾದೋನು. ಕಾಫಿಗೆ ನೆರಳು ಕೊಡ್ಲಿ ಅಂತ ಕರ್ಕೊಂಡು ಬಂದ್ರು, ಬೆನ್ನಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ರು, ವಯಸ್ಸಾದ ಮೇಲೆ ಪೆರುಂಬಾವೂರಿಗೆ ಕಳಿಸ್ತಾರೆ. ಇಲ್ಲಿ ಮಿಷನ್ನಿಗೆ ಸಿಕ್ಕಿಸಿ ಗಿರಗಿರ ತಿರುಗಿಸಿ ಹಾಳೆ ಹಾಳೆಯಾಗಿ ಸುಲೀತಾರೆ. ಬಿಸಿಲಲ್ಲಿ ಒಣಗಿಸಿ, ಅಂಟು ಬಳಿದು, ಒತ್ತಿ ಪ್ಲೈವುಡ್ ಮಾಡ್ತಾರೆ. ಆಮೇಲೆ ಅದು ಬೆಂಗಳೂರಿನ ಯಾವುದೋ ಫ್ಲಾಟಲ್ಲಿ ತೇಗದ ಹಾಳೆ ಮುಖಕ್ಕೆ ಅಂಟಿಸ್ಕೊಂಡು ‘ನಾನು ತೇಗ’ ಅನ್ನುತ್ತೆ. ಇರ್ಲಿ ಬಿಡಿ, ಪರರ ಚಿಂತೆ ನಮಗ್ಯಾಕೆ.

ಪ್ರಶ್ನೆ: ಲೋಡಾದ ಮೇಲೆ ಹೊರಟ ಹಾಗೇ ಅಲ್ಲವೇ?

ತುಂಡು: ಅಯ್ಯೋ! ವೇಬ್ರಿಡ್ಜಿಗೆ ಹೋಗ್ಬೇಕು. ಹತ್ತು ಚಕ್ರದ ಲಾರಿ ಲೋಡೂ ಸೇರಿ 28.5 ಟನ್ ತೂಗಬಹುದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಏರಿಸ್ತು. ಅದಕ್ಕೆ ಮುಂಚೆ 25. ಏರಿಸಿದ ದಿನವೇ ಮಾಲೀಕರ ಮನಸ್ಸೂ ಅಷ್ಟೇ ಮೇಲಕ್ಕೆ ಏರಿತು. ಮೊದಲು 25ರ ಮೇಲೆ ಸ್ವಲ್ಪ, ಈಗ 28.5ರ ಮೇಲೆ ಸ್ವಲ್ಪ. ಆ ‘ಸ್ವಲ್ಪ’ಕ್ಕೆ 2019ರ ತಿದ್ದುಪಡೀಲಿ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹೇರಿಸಿದೋನು ಮನೇಲಿರ್ತಾನೆ, ಕೈ ಕಟ್ಟಿ ನಿಲ್ಲೋನು ಡ್ರೈವರು.

ಆಮೇಲೆ ಕಾಗದ. ಬಿಲ್ಲು, ಇ-ವೇ ಬಿಲ್ಲು, ಇನ್ಶೂರೆನ್ಸು, ಎಫ್‌ಸಿ, ಪರ್ಮಿಟ್ಟು, ಹೊಗೆ ಸರ್ಟಿಫಿಕೇಟು. ಪಾಸು ಬೇಕಾದ ಮರ ಆದ್ರೆ ಅರಣ್ಯ ಇಲಾಖೆ ಪಾಸು, ದಿಮ್ಮಿ ಮೇಲೆ ಸುತ್ತಿಗೆ ಮುದ್ರೆ. ಯಾವ ಮರಕ್ಕೆ ಪಾಸು ಬೇಕು, ಯಾವುದಕ್ಕೆ ಬೇಡ ಅನ್ನೋ ಪಟ್ಟಿ ರಾಜ್ಯಕ್ಕೊಂದು. ಇಡೀ ದೇಶಕ್ಕೆ ಒಂದೇ ಪಾಸು ಅಂತ ಹೇಳಿ 2023ರ ಡಿಸೆಂಬರ್ 29ಕ್ಕೆ ದೆಹಲೀಲಿ ಹಸಿರು ಬಾವುಟ ತೋರಿಸಿದ್ರು. ಆನ್‌ಲೈನಲ್ಲೇ ತಗೋಬಹುದಂತೆ. ಒಳ್ಳೇದೇ. ಆದ್ರೆ ಕಾಡು ರಸ್ತೇಲಿ ನೆಟ್‌ವರ್ಕ್ ಸಿಗಲ್ಲವಲ್ಲ, ಅದಕ್ಕೆ ನಮ್ಮ ಡ್ರೈವರಣ್ಣ ಎಲ್ಲವನ್ನೂ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ದೇವರ ಫೋಟೋ ಹಿಂದೆ ಸಿಗಿಸಿರ್ತಾನೆ. ಕೇಳಿದೋರಿಗೆ ಎರಡೂ ಒಟ್ಟಿಗೇ ಸಿಗುತ್ತೆ.

ಪ್ರಶ್ನೆ: ನಿಮ್ಮ ಪಾಸು?

ತುಂಡು: ಏನಂದ್ರಿ?

ಪ್ರಶ್ನೆ: ನೀವೂ ಮರವೇ. ಅದೂ ಮತ್ತಿ. ಪ್ರತಿ ವಾರ ರಾಜ್ಯದ ಗಡಿ ದಾಟುತ್ತೀರಿ.

ತುಂಡು: ಮೆಲ್ಲಗೆ ಮಾತಾಡಿ ಸ್ವಾಮಿ. ನನ್ನ ಮೇಲೆ ಯಾವ ಮುದ್ರೆಯೂ ಇಲ್ಲ. ಚೆಕ್‌ಪೋಸ್ಟಲ್ಲಿ ಟಾರ್ಪಾಲು ಬಿಚ್ಚಿಸಿ, ಟಾರ್ಚು ಬಿಟ್ಟು, ದಿಮ್ಮಿ ಎಣಿಸ್ತಾರೆ. ಅಷ್ಟೂ ಹೊತ್ತು ಲಾರಿ ನಿಂತಿರೋದು ನನ್ನ ಮೇಲೆ. ಕಾಲಿಗೆ ತಗಲಿ ಎಡವಿದೋರೂ ಇದಾರೆ. ಮುಂದಿನ ಪ್ರಶ್ನೆ ಕೇಳಿ.

ಪ್ರಶ್ನೆ: ಮಾಕುಟ್ಟದ ಘಾಟಿ ಕಷ್ಟವಂತೆ?

ತುಂಡು: ವಿರಾಜಪೇಟೇಲಿ ಡೀಸೆಲ್ ತುಂಬಿಸ್ಕೋಬೇಕು, ಕೇರಳದಲ್ಲಿ ರೇಟು ಜಾಸ್ತಿ. ಒಂದಿಷ್ಟು ದೂರ ಹೋದ ಮೇಲೆ ಇಳಿದು ಚೈನು ನೋಡ್ಬೇಕು. ಹಸಿ ದಿಮ್ಮಿ ಸ್ವಾಮಿ, ಅಲುಗಾಟಕ್ಕೆ ತೊಗಟೆ ಜಾರಿ ಲೋಡು ಕೂತ್ಕೊಳ್ಳುತ್ತೆ, ಬಿಗಿದಿದ್ದ ಚೈನು ಸಡಿಲ ಆಗುತ್ತೆ. ಗೂಟ ಸಿಗಿಸಿ ತಿರುವಿ ಮತ್ತೆ ಬಿಗೀಬೇಕು. ಪೆರುಂಬಾಡಿ ದಾಟಿದ್ರೆ ಕಾಡು, ತಿರುವು, ಇಳಿಜಾರು. ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು. ಬ್ರೇಕ್ ನಂಬ್ಕೊಂಡು ಇಳಿದ್ರೆ ಲೈನರ್ ಕಾದು ವಾಸನೆ ಬರುತ್ತೆ. ಆಮೇಲೆ ಬ್ರೇಕೂ ಇಲ್ಲ, ವಾಸನೇನೂ ಇಲ್ಲ.

ಮೊದಲು ಈ ಲಾರಿಗೆ ಕ್ಲೀನರ್ ಒಬ್ಬ ಇದ್ದ. ಪಿರಿಯಾಪಟ್ಟಣದ ಹುಡುಗ. ಲಾರಿ ನಿಧಾನ ಆಗೋ ಮುಂಚೇನೇ ನನ್ನ ಕೈಲಿ ಹಿಡ್ಕೊಂಡು ನೆಗೀತಿದ್ದ. ಸಂಬಳ ಸಾಲಲ್ಲ ಅಂತ ಬೆಂಗಳೂರಿಗೆ ಹೋಗಿ ಊಟದ ಪಾರ್ಸಲ್ ಹಂಚ್ತಿದಾನೆ. ಅವನ ಜಾಗಕ್ಕೆ ಮಾಲೀಕರು ಯಾರನ್ನೂ ಹಾಕ್ಲಿಲ್ಲ. ಉಳಿತಾಯ. ಹೋದ ತುಲಾ ತಿಂಗಳ ಮಳೇಲಿ ನಡೆದದ್ದು ಹೇಳ್ತೀನಿ. ರಾತ್ರಿ, ಎರಡು ತಿರುವಿನ ಮಧ್ಯೆ, ಮುಂದಿನ ಲಾರಿ ಆಕ್ಸಲ್ ಮುರಿದು ನಿಂತುಬಿಟ್ಟಿತ್ತು. ನಮ್ಮೋನು ಹ್ಯಾಂಡ್‌ಬ್ರೇಕ್ ಎಳೆದ, ಗೇರಲ್ಲೇ ಬಿಟ್ಟು ಎಂಜಿನ್ ಆಫ್ ಮಾಡಿದ. ಆದ್ರೂ ಲಾರಿ ‘ಕರ್’ ಅಂತ ಒಂದೊಂದೇ ಅಂಗುಲ ಸರೀತಾನೇ ಇತ್ತು. ಬಾಗಿಲು ತೆಗೆದು ನೆಗೆದ. ಚಪ್ಪಲಿ ಒಂದು ಕಡೆ, ಅವನೊಂದು ಕಡೆ. ನಾನಿರೋದು ಬಾಡಿ ಕೆಳಗೆ ಕೊಕ್ಕೇಲಿ. ಕತ್ತಲಲ್ಲಿ ಕೈಯಾಡಿಸಿ ಕಿತ್ತು, ಮಂಡಿ ಊರಿ, ಚಕ್ರದ ಮುಂದಕ್ಕೆ ನನ್ನ ತಳ್ಳಿದ. ಟಾರು ಒದ್ದೆ, ನಾನು ಜಾರಿದೆ. ಎರಡನೇ ಸಲ ಬರಿಗಾಲಲ್ಲೇ ಒದ್ದು ಸಿಗಿಸಿದ. ಟೈರು ನನ್ನ ಓರೆ ಹತ್ತಿ, ಹತ್ತಿ, ನಿಂತಿತು. ಅವನ ಹೆಬ್ಬೆರಳಿನ ಉಗುರು ಹೋಯ್ತು. ಮಾಲೀಕರಿಗೆ ಫೋನ್ ಮಾಡಿದ. ಅವರು ಕೇಳಿದ ಮೊದಲನೇ ಮಾತು, ‘ಲೋಡು ಸರಿಯಾಗಿದೆಯಾ?’ ಕ್ಲೀನರ್ ಸಂಬಳ ಉಳಿಸಿದ್ದು ಮಾಲೀಕರು, ಅದರ ಖರ್ಚು ಯಾರ ಲೆಕ್ಕಕ್ಕೆ ಬಂತು ನೋಡಿ.

ಪ್ರಶ್ನೆ: ಈ ದಾರಿಯಲ್ಲಿ ನಿಮಗೆ ಪ್ರತಿಸ್ಪರ್ಧಿಗಳಿದ್ದಾರಾ?

ತುಂಡು: ಪ್ರತಿಸ್ಪರ್ಧಿ ಅನ್ಬೇಡಿ, ಬಂಧು ಬಳಗ ಅನ್ನಿ. ನಿಲ್ಲಿಸೋರೆಲ್ಲ ನಮ್ಮ ಕುಲದೋರೇ. ಗೇಟು, ಟೋಲು, ಸರ್ವರ್ ಡೌನು, ಸಾಹೇಬ್ರು ಮೀಟಿಂಗಲ್ಲಿದಾರೆ ಅನ್ನೋ ಮಾತು, ಎಲ್ಲಾ ನಮ್ಮೋರು. ಮಳೆಗಾಲದಲ್ಲಿ ಕೊಡಗಿನ ಜಿಲ್ಲಾಧಿಕಾರಿಗಳು ನಾಟಾ ಲಾರಿ ಓಡಾಡಬಾರದು ಅಂತ ಆದೇಶ ಹೊರಡಿಸ್ತಾರಲ್ಲ, ಆವಾಗ ನನಗೆ ವಾರಗಟ್ಟಲೆ ಡ್ಯೂಟಿ. ರಸ್ತೆ ಉಳೀಬೇಕು, ಗುಡ್ಡ ಉಳೀಬೇಕು, ಅದು ನ್ಯಾಯವೇ. 2018ರಲ್ಲಿ ಗುಡ್ಡ ಕುಸಿದದ್ದು ಕಣ್ಣಾರೆ ನೋಡಿದೀವಿ. ಆದ್ರೆ ಆ ತಿಂಗಳುಗಳಲ್ಲಿ ಡ್ರೈವರ್ ಮನೆ ಉಳಿಯೋದು ಹೇಗೆ ಅಂತ ಆದೇಶದಲ್ಲಿ ಒಂದು ಸಾಲೂ ಇರಲ್ಲ. ಲಾರಿಯ ಇಎಂಐಗೆ ಮಳೆಗಾಲ ಇಲ್ಲವಲ್ಲ.

ಕೂಟುಪುಳ ಸೇತುವೆ ಗೊತ್ತಾ, ಗಡೀಲಿ? ಬ್ರಿಟಿಷರ ಕಾಲದ ಇಕ್ಕಟ್ಟು ಸೇತುವೆ. ಪಕ್ಕದಲ್ಲೇ ಹೊಸದು ಕಟ್ಟೋಕೆ ಶುರು ಮಾಡಿದ್ರೆ, ಆ ಜಾಗ ನಮ್ಮ ಕಾಡಿಂದು ಅಂತ ತಕರಾರು ಬಿದ್ದು, ಅದೂ ವರ್ಷಗಟ್ಟಲೆ ನಿಂತೇ ಇತ್ತು. 2022ರಲ್ಲಿ ತೆರೆದ್ರು. ಇನ್ನು 2020ರ ಮಾರ್ಚು! ಕೊರೊನಾ ಅಂತ ಕರ್ನಾಟಕ ಸರ್ಕಾರ ಗಡಿ ರಸ್ತೆಗಳ ಮೇಲೆ ಟಿಪ್ಪರಲ್ಲಿ ಮಣ್ಣು ತಂದು ಗುಡ್ಡೆ ಸುರೀತು. ನೋಡಿ ನನಗೆ ಕಣ್ಣೀರೇ ಬಂತು. ಒಂದು ಲಾರಿಗೆ ನಾನು ಅಡ್ಡ ಕೊಡೋದು, ಒಂದು ರಾಜ್ಯಕ್ಕೇ ಅಡ್ಡ ಕೊಟ್ರಲ್ಲ!

ಪ್ರಶ್ನೆ: ಆನೆಗಳು?

ತುಂಡು: ತಿತಿಮತಿ, ಆನೆಚೌಕೂರು ರಸ್ತೇಲಿ ಎದುರಾದ್ರೆ ಲೈಟು ತಗ್ಗಿಸಿ ನಿಲ್ಲಿಸ್ತೀವಿ. ನಮ್ಮನ್ನ ಮೂಸಿಯೂ ನೋಡಲ್ಲ. ಕಬ್ಬಿನ ಲಾರಿ ಆಗಿದ್ರೆ ಮಾತು ಬೇರೆ. ನಾಟಾ ಅಂದ್ರೆ ಅವಕ್ಕೆ ಹಳೇ ನೆನಪು. ದುಬಾರೆಯಂಥ ಶಿಬಿರಗಳ ಆನೆಗಳ ಅಜ್ಜ-ಅಜ್ಜಿಯರು ಇಲಾಖೆಗೆ ಮಾಡ್ತಿದ್ದದ್ದು ಇದೇ ಕೆಲಸ, ದಿಮ್ಮಿ ಎಳೆಯೋದು. ಈಗ ಆ ಮನೆತನ ಉದ್ಧಾರ ಆಗಿ ದಸರಾಕ್ಕೆ ಹೋಗುತ್ತೆ. 60 ದಾಟಿದ ಆನೆ ಮೇಲೆ ಅಂಬಾರಿ ಹೊರಿಸೋ ಹಾಗಿಲ್ಲ ಅಂತ 2020ರಲ್ಲಿ ಅರ್ಜುನನ್ನ ಬಿಟ್ಟು ಅಭಿಮನ್ಯುಗೆ ಕೊಟ್ರು. ಸರಿಯಾದ ಕೆಲಸ. ನಮ್ಮ ಹಿಂದಿನ ಲಾರಿ ಡ್ರೈವರಪ್ಪನಿಗೆ 63. ಬೆನ್ನಿಗೆ ದಿಂಬು ಇಟ್ಕೊಂಡು ಓಡಿಸ್ತಾರೆ. ಅವರ ಹಿಂದೆ ಮಾವುತನೂ ಇಲ್ಲ, ಕಾವಾಡಿಯೂ ಇಲ್ಲ, ಬೆಲ್ಲ-ಭತ್ತವೂ ಇಲ್ಲ.

ಪ್ರಶ್ನೆ: ಕಾನೂನಿನಲ್ಲಿ ಕೆಲಸದ ಹೊತ್ತು ನಿಗದಿಯಾಗಿದೆಯಲ್ಲ?

ತುಂಡು: ಆಗಿದೆ, ಆಗಿದೆ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರಿಗೆ ಅಂತ ಒಂದು ಕಾಯ್ದೆ ಮಾಡಿದ್ರು. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ದಾರಿ ಆದ್ರೆ ಅಪ್ಪಣೆ ಮೇಲೆ 10 ಮತ್ತು 54. ಐದು ಗಂಟೆ ದುಡಿದ್ರೆ ಅರ್ಧ ಗಂಟೆ ವಿರಾಮ, ವಾರಕ್ಕೊಂದು ರಜಾ. ಓದಿದ್ರೆ ಹೊಟ್ಟೆ ತುಂಬುತ್ತೆ. ಒಂದೇ ತೊಡಕು, ಐದು ಜನ ಕೆಲಸಗಾರರಿರೋ ಕಡೆಗೆ ಮಾತ್ರ ಅದು ಅನ್ವಯ ಆಗ್ತಿತ್ತು. ನಮ್ಮ ಮಾಲೀಕರಿಗೆ ಎರಡು ಲಾರಿ, ಇಬ್ಬರು ಡ್ರೈವರು, ಇಲ್ಲದ ಕ್ಲೀನರು ಇಬ್ಬರು. ನನ್ನನ್ನೂ ಸೇರಿಸಿದ್ರೆ ಐದಾಗುತ್ತೆ ಅಂತ ಒಂದ್ಸಲ ಹೇಳಿ ನೋಡಿದೆ. ಆ ಕಾಯ್ದೇನೂ 2020ರ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿಬಿಟ್ರು. ಹಾಲ್ಟಿಂಗಲ್ಲಿದ್ದದ್ದನ್ನ ಇನ್ನೊಂದು ಹಾಲ್ಟಿಂಗಿಗೆ ಹಾಕಿದ್ರು ಅನ್ನಿ.

(ಇಷ್ಟರಲ್ಲಿ ಗೇಟಿನ ಕಡೆ ಒಂದು ಸೀಟಿ. ಸಾಲು ಒಂದು ಲಾರಿಯಷ್ಟು ಸರಿಯಿತು. ಡ್ರೈವರ್ ಸೀಟಿನ ಹಿಂದಿನ ಹಲಗೆಯಿಂದ ಎದ್ದು ಕೆಳಗಿಳಿದ. ಟೈರು ಹತ್ತಿ ಕೂತಿದ್ದರಿಂದ ತುಂಡು ಬರಲಿಲ್ಲ. ಮೇಲೆ ಹತ್ತಿ, ಎಂಜಿನ್ ಶುರು ಮಾಡಿ, ಒಂದು ಗೇಣು ಹಿಂದಕ್ಕೆ ತೆಗೆದು, ಮತ್ತೆ ಇಳಿದು, ಹಗ್ಗ ಹಿಡಿದು ಎಳೆದು ಮುಂದಕ್ಕೆ ಎಸೆದ. ಮತ್ತೆ ಹತ್ತಿ, ಲಾರಿಯನ್ನು ಮೂವತ್ತು ಅಡಿ ಸರಿಸಿ, ಮತ್ತೆ ಇಳಿದು ತುಂಡನ್ನು ಸಿಗಿಸಿ, ಮತ್ತೆ ಹತ್ತಿ ಮಲಗಿದ. ಅವನ ಕಣ್ಣು ಪೂರ್ತಿ ತೆರೆದಿದ್ದನ್ನು ನಾನು ನೋಡಲಿಲ್ಲ.)

ಪ್ರಶ್ನೆ: ಈ ಸಾಲು ಯಾವಾಗ ಕರಗುತ್ತದೆ?

ತುಂಡು: ಬುಧವಾರ ಬಂದೆವು. ಗೇಟಲ್ಲಿರೋ ಚೇಟ ‘ನಾಳೆ ವಾ’ ಅಂದ. ನಮ್ಮ ಕಡೆ ಬಾಗಿಲ ಮೇಲೆ ದೆವ್ವಕ್ಕೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಇಲ್ಲಿ ಅದನ್ನ ಲಾರಿಗೆ ಹೇಳ್ತಾರೆ. ಗುರುವಾರ ಅಂಗಳದಲ್ಲಿ ಜಾಗ ಇಲ್ಲ. ಶುಕ್ರವಾರ ಕರೆಂಟಿಲ್ಲ. ಭಾನುವಾರ ಮಿಲ್ಲುಗಳಿಗೆ ರಜಾ. ಅಸ್ಸಾಮು, ಬಂಗಾಳ, ಒಡಿಶಾದ ಹುಡುಗರೆಲ್ಲ ಬಿಳಿ ಅಂಗಿ ತೊಟ್ಟು ಪೇಟೆಗೆ ಹೋಗ್ತಾರೆ. ಅವರು ಹೋಗ್ಲೇಬೇಕು, ಆರು ದಿನ ಅಂಟಿನ ವಾಸನೆ ಕುಡಿದಿರ್ತಾರೆ.

ಇಲ್ಲಿ ಒಂದು ಚಮತ್ಕಾರ ಕೇಳಿ. ಸಿಲ್ವರ್ ಮಾರೋದು ತೂಕದ ಮೇಲೆ. ಮರ ಹಸಿ. ಬಿಸಿಲಲ್ಲಿ ನಿಂತಷ್ಟೂ ನೀರು ಆರುತ್ತೆ. ಕೊಡಗಿನ ಕಾಟಾದಲ್ಲಿ ಒಂದು ತೂಕ, ಇಲ್ಲಿಯ ಕಾಟಾದಲ್ಲಿ ಇನ್ನೊಂದು. ಕುಡಿದೋನು ಸೂರ್ಯ, ಕಾಯಿಸಿದೋನು ಕಾರ್ಖಾನೆಯೋನು, ‘ದಾರೀಲಿ ಎಲ್ಲಿ ಇಳಿಸ್ದೆ?’ ಅಂತ ಕೇಳೋದು ಮಾತ್ರ ಡ್ರೈವರನ್ನ! ಇ-ವೇ ಬಿಲ್ಲಿಗೂ ಆಯಸ್ಸು ಉಂಟು ನೋಡಿ, 200 ಕಿಲೋಮೀಟರಿಗೆ ಒಂದು ದಿನ. ಲಾರಿ ನಿಂತರೂ ಬಿಲ್ಲು ಓಡುತ್ತೆ, ಬಡ್ಡಿ ಓಡುತ್ತೆ, ಡ್ರೈವರ್ ಮಗಳ ಸ್ಕೂಲ್ ಫೀಸಿನ ಗಡುವು ಓಡುತ್ತೆ. ಬಾಟಾ ಒಂದೇ ಲಾರಿ ಜೊತೆ ಶಿಸ್ತಾಗಿ ನಿಲ್ಲೋದು, ಅದು ಟ್ರಿಪ್ಪಿನ ಲೆಕ್ಕ. ಹಾಲ್ಟಿಂಗ್ ಚಾರ್ಜು ಅಂತ ಒಂದಿದೆಯಂತೆ. ಮಾಲೀಕರು ಪಾರ್ಟಿಯ ಹತ್ರ ಕೇಳ್ತಾರೆ, ಪಾರ್ಟಿಯವರು ಬ್ರೋಕರ್ ಹತ್ರ ಕೇಳಿ ಅಂತಾರೆ, ಬ್ರೋಕರ್ ‘ಮುಂದಿನ ಲೋಡಲ್ಲಿ ನೋಡೋಣ’ ಅಂತಾರೆ. ಆ ಮುಂದಿನ ಲೋಡು ಇನ್ನೂ ಹುಟ್ಟಿಲ್ಲ.

ಪ್ರಶ್ನೆ: ಖಾಲಿಯಾದ ಮೇಲೆ ಸೀದಾ ಮನೆಗೆ?

ತುಂಡು: ಖಾಲಿ ಲಾರಿ ತಗೊಂಡು ಹೋದ್ರೆ ಡೀಸೆಲ್ ಖರ್ಚು ಯಾರು ಕೊಡ್ತಾರೆ? ರಿಟರ್ನ್ ಲೋಡ್ ಹುಡುಕ್ಬೇಕು. ಅಂದ್ರೆ ಮತ್ತೆ ನಾನು. ಸೀಸನ್ನಿದ್ರೆ ವಾಳಕ್ಕುಳದ ಅನಾನಸು ಸಿಗುತ್ತೆ, ಮೈಸೂರಿಗೆ. ಅದಕ್ಕೆ ಭೌಗೋಳಿಕ ಗುರುತಿನ ಪಟ್ಟವೂ ಇದೆ, ಘಮಘಮ ಅನ್ನುತ್ತೆ. ನಾಟಾ ಹೊತ್ತಾಗ ಇಲ್ಲದ ಅವಸರ ಆವಾಗ. ಹಣ್ಣು ಕೊಳೆಯುತ್ತೆ ಅಂತ ಗಂಟೆಗೊಂದು ಫೋನು. ಡ್ರೈವರ್ ಕೊಳೆಯಲ್ಲವಲ್ಲ, ಅದಕ್ಕೆ ಅವನ ಬಗ್ಗೆ ಫೋನಿಲ್ಲ. ವಯನಾಡು ಘಾಟಿ ಹತ್ತಿ ಮುತ್ತಂಗಕ್ಕೆ ಬಂದ್ರೆ ರಾತ್ರಿ 9 ದಾಟಿರುತ್ತೆ. ಬಂಡೀಪುರದ ಗೇಟು ಬೆಳಿಗ್ಗೆ 6ರವರೆಗೆ ಇಲ್ಲ. 2009ರಿಂದ ಹೀಗೇ. ಈ ಒಂದು ನಿಲುಗಡೆಗೆ ಮಾತ್ರ ಡ್ರೈವರಣ್ಣ ಬಯ್ಯಲ್ಲ. ಸರ್ಕಾರವೇ ಬಲವಂತವಾಗಿ ಮಲಗಿಸೋ ಜಾಗ ಇದೊಂದೇ ಅಂತಾನೆ. ಜಿಂಕೆಗೋಸ್ಕರ ಮಾಡಿದ ಕಾನೂನಲ್ಲಿ ಅವನಿಗೂ ಒಂದು ನಿದ್ದೆ ಸಿಕ್ತು.

ಪ್ರಶ್ನೆ: ಈಗ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದೆ.

ತುಂಡು: 2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿಗಳಿಗೆ. ನಮ್ಮದು ಅದಕ್ಕೆ ಮುಂಚಿನದು. ಸೆಕೆಂಡ್ ಹ್ಯಾಂಡಲ್ಲಿ ಅದು ನಮ್ಮಂಥೋರ ಕೈಗೆ ಬರೋ ಹೊತ್ತಿಗೆ ಗ್ಯಾಸು ಹೋಗಿರುತ್ತೆ. ಅಲ್ದೆ ಎಸಿ ಓಡೋಕೆ ಎಂಜಿನ್ ಓಡ್ಬೇಕು. ಇಲ್ಲಿ ಸಾಲಲ್ಲಿ ಎಂಜಿನ್ ಹಾಕ್ಕೊಂಡು ಮಲಗಿದ್ರೆ ಡೀಸೆಲ್ ಲೆಕ್ಕ ಕೊಡ್ಬೇಕಾಗುತ್ತೆ. ಎಸಿ ಬೇಡ ಅಂತಲ್ಲ. ಆದ್ರೆ ಈ ಗೇಟಿನ ಹತ್ರ ಒಂದು ನಲ್ಲಿ, ಒಂದು ಕಕ್ಕಸು, ನಾಲ್ಕು ಮಂಚದ ಒಂದು ಶೆಡ್ಡು ಹಾಕೋಕೆ ಯಾರಿಗೂ ಅಧಿಸೂಚನೆ ಬೇಕಾಗಿರಲಿಲ್ಲ. ಬಾಟಲಿ ಹಿಡ್ಕೊಂಡು ಆ ರಬ್ಬರ್ ತೋಟದ ಕಡೆ ಹೋಗ್ತಿದಾರೆ ನೋಡಿ, ಅದೇ 63ರ ಯಜಮಾನರು.

ಪ್ರಶ್ನೆ: ಡ್ರೈವರುಗಳು ಮುಷ್ಕರ ಹೂಡಿದ್ದೂ ಉಂಟಲ್ಲ?

ತುಂಡು: 2024ರ ಜನವರೀಲಿ. ಅಪಘಾತದಲ್ಲಿ ಜನ ಸತ್ತು, ಹೇಳದೆ ಓಡಿಹೋದ್ರೆ 10 ವರ್ಷದವರೆಗೆ ಜೈಲು ಅಂತ ಹೊಸ ಕಲಮು ಬಂದಿತ್ತು. ನಿಂತರೆ ಜನ ಹೊಡೀತಾರೆ, ಓಡಿದ್ರೆ ಸರ್ಕಾರ ಹಿಡಿಯುತ್ತೆ ಅಂತ ಇವರ ಸಂಕಟ. ಸತ್ತೋರ ಮನೆಯವರ ಸಂಕಟ ಅದಕ್ಕಿಂತ ದೊಡ್ಡದು, ಅದನ್ನೂ ಹೇಳ್ಬೇಕು. ದೇಶದ ಎಷ್ಟೋ ಕಡೆ ಲಾರಿಗಳು ನಿಂತವು, ಪೆಟ್ರೋಲ್ ಬಂಕಲ್ಲಿ ಜನ ಮುಗಿಬಿದ್ರು. ಕೊನೆಗೆ ಸರ್ಕಾರ ಆ ಕಲಮನ್ನ ಜಾರಿ ಮಾಡದೆ ತಡೆಹಿಡೀತು. ಹೊಸ ಅಪರಾಧ ಕಾನೂನೆಲ್ಲ ಜುಲೈಯಿಂದ ಓಡ್ತು, ಅದೊಂದರ ಚಕ್ರದ ಕೆಳಗೆ ಮಾತ್ರ ತುಂಡು! ಆ ಎರಡು ದಿನ ಮೊದಲನೇ ಸಲ ಎಲ್ಲರೂ ಕೇಳಿದ್ರು, ಲಾರಿ ಯಾಕೆ ನಿಂತಿದೆ ಅಂತ. ಪ್ರತಿ ವಾರ ನಿಂತೇ ಇರ್ತೀವಲ್ಲ ಸ್ವಾಮಿ, ಆವಾಗ ಯಾರೂ...

(ಮತ್ತೆ ಸೀಟಿ. ಡ್ರೈವರ್ ಇಳಿದು ಬಂದು ಹಗ್ಗಕ್ಕೆ ಕೈ ಹಾಕಿದ.)

ಪ್ರಶ್ನೆ: ಹೊರಟೇಬಿಟ್ಟಿರಾ? ಇನ್ನೂ ಎರಡು ಪ್ರಶ್ನೆ ಬಾಕಿಯಿತ್ತು.

ತುಂಡು: ಹೊರಡೋದೇನು ಬಂತು, ಆ ಲೈಟ್ ಕಂಬದವರೆಗೆ ಅಷ್ಟೇ. ನೀವು ನಡ್ಕೊಂಡೇ ಬನ್ನಿ, ನಮಗಿಂತ ಮುಂಚೆ ತಲುಪ್ತೀರಿ.